ಪಂಪಿನ ರೋಗ ಪಂಪಿನಲ್ಲಿಲ್ಲ

ಮನೆ ಬೆಚ್ಚಗಿಡುವ ಬಾಯ್ಲರಿನ ಪಂಪು ಬಿಸಿನೀರನ್ನು ಮೇಲಂತಸ್ತಿಗೆ ಎತ್ತುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಮುಚ್ಚಿದ ಕೊಳವೆಸುತ್ತಿನಲ್ಲಿ ಅದು ನಿಜವಲ್ಲ. ಏರುವ ನೀರಿನ ಭಾರವನ್ನು ಅಷ್ಟೇ ಎತ್ತರದಿಂದ ಇಳಿಯುವ ನೀರು, ರಾಟೆಯ ಹಗ್ಗದ ಎರಡು ತುದಿಗಳಲ್ಲಿ ತೂಗುವ ಸಮಭಾರದ ಬಕೆಟ್ಟುಗಳಂತೆ, ಸರಿದೂಗಿಸುತ್ತದೆ. ಪಂಪು ಎದುರಿಸಬೇಕಾದದ್ದು ಕೊಳವೆಯೊಳಗಿನ ತಡೆಯನ್ನು ಮಾತ್ರ. ಹಿಂದೆ ಪಂಪೇ ಇಲ್ಲದೆ ಈ ಕೆಲಸ ನಡೆಯುತ್ತಿತ್ತು: 20 ಡಿಗ್ರಿಯಲ್ಲಿ ಘನಮೀಟರಿಗೆ 998 ಕಿಲೋ ತೂಗುವ ನೀರು 80 ಡಿಗ್ರಿಯಲ್ಲಿ 972 ಕಿಲೋಗೆ ಇಳಿಯುತ್ತದೆ, ಇಂಥ ವ್ಯತ್ಯಾಸವೇ ದಪ್ಪ ಕೊಳವೆಗಳಲ್ಲಿ ನೀರನ್ನು ನಿಧಾನವಾಗಿ ಸುತ್ತಿಸುತ್ತಿತ್ತು.

ಇಂದಿನ ಬಹುತೇಕ ಪಂಪುಗಳ ರೋಟರ್, ಅಂದರೆ ಮೋಟಾರಿನ ತಿರುಗುವ ಭಾಗ, ಆ ನೀರಿನಲ್ಲಿಯೇ ಮುಳುಗಿ ತಿರುಗುತ್ತದೆ. ಬೇರಿಂಗಿಗೆ ಎಣ್ಣೆಯ ಬದಲು ಅದೇ ನೀರು, ಮೋಟಾರನ್ನು ತಣಿಸುವುದೂ ಅದೇ ನೀರು. ಹೀಗಿರುವಾಗ ನೀರನ್ನು ನೋಡದೆ ಬರೀ ಪಂಪು ಬದಲಿಸುವುದು ಹೊಸ ಪಂಪನ್ನೂ ಹಳೆಯ ರಾಡಿಗೇ ತಳ್ಳಿದಂತೆ.

ಆಮ್ಲಜನಕ ಕಡಿಮೆಯಿರುವ ನೀರಿನಲ್ಲಿ, ಕೋಣೆಗೆ ಶಾಖ ಬಿಡುವ ರೇಡಿಯೇಟರಿನ ಉಕ್ಕು ಕೆಂಪು ತುಕ್ಕಾಗುವ ಬದಲು ಮ್ಯಾಗ್ನೆಟೈಟ್ ಎಂಬ ಕಪ್ಪು ಪುಡಿಯಾಗುತ್ತದೆ, ಜೊತೆಗೆ ಜಲಜನಕವೂ ಹೊರಬೀಳುತ್ತದೆ. ಈ ಪುಡಿ ಅಯಸ್ಕಾಂತಕ್ಕೆ ಅಂಟುತ್ತದೆ. ಹೊಸ ಮಾದರಿಯ ಪಂಪುಗಳ ರೋಟರಿನಲ್ಲಿ ಇರುವುದೂ ಅಯಸ್ಕಾಂತವೇ. ಇನ್ನು ರೇಡಿಯೇಟರಿನ ನೆತ್ತಿಯಲ್ಲಿ ಸೇರಿದ ಅನಿಲವನ್ನು ಗಾಳಿಯೆಂದೇ ಭಾವಿಸಿ ಮೇಲಿಂದ ಮೇಲೆ ಹೊರಬಿಟ್ಟರೆ ಒತ್ತಡ ಇಳಿಯುತ್ತದೆ, ಅದನ್ನು ಸರಿಪಡಿಸಲು ತುಂಬಿದ ಹೊಸ ನೀರು ಹೊಸ ಆಮ್ಲಜನಕವನ್ನೂ ತರುತ್ತದೆ, ಆ ಆಮ್ಲಜನಕ ಇನ್ನಷ್ಟು ಉಕ್ಕನ್ನು ತಿನ್ನುತ್ತದೆ.

ಬಾಯ್ಲರಿನಿಂದ ಹೊರಡುವ ಕೊಳವೆ ಮುಟ್ಟಲಾಗದಷ್ಟು ಬಿಸಿ, ಮರಳುವ ಕೊಳವೆ ತಣ್ಣಗೆ, ಹೊತ್ತಿದ ಬಾಯ್ಲರು ಸ್ವಲ್ಪದರಲ್ಲೇ ಅತಿ ಬಿಸಿಯಾಗಿ ಆರಿಹೋಗುತ್ತದೆ ಎಂದಾದರೆ ನೀರು ಸುತ್ತುತ್ತಿಲ್ಲ. ಮೊದಲು ವಾಲ್ವುಗಳು ತೆರೆದಿವೆಯೇ, ತಣ್ಣಗಿದ್ದಾಗ ಒತ್ತಡ 1ರಿಂದ 1.5 ಬಾರ್ ಇದೆಯೇ ಎಂದು ನೋಡಬೇಕು. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೈಗೆ, ಹಿಡಿಯನ್ನು ಕಿವಿಗೆ ಒತ್ತಿ ಆಲಿಸಬೇಕು. ಗುಂಯ್‌ಗುಟ್ಟಿದರೂ ತಿರುಗದಿದ್ದರೆ ರೋಟರ್ ಕಚ್ಚಿಕೊಂಡಿರಬಹುದು, ಹಳೆಯ ಪಂಪಾದರೆ ಮೋಟಾರು ತಿರುಗಲು ನೆರವಾಗುವ ಕೆಪಾಸಿಟರ್ ಹೋಗಿರಲೂಬಹುದು; ಜಲ್ಲಿ ಉರುಳಿದಂಥ ಸದ್ದು ಸಿಕ್ಕಿಕೊಂಡ ಗಾಳಿಯದೋ ಸವೆದ ಬೇರಿಂಗಿನದೋ ಆಗಿರುತ್ತದೆ; ಪೂರ್ತಿ ಮೌನವಿದ್ದರೆ ವಿದ್ಯುತ್ತೇ ಬರುತ್ತಿಲ್ಲದಿರಬಹುದು. ಹಲವು ಹಳೆಯ ಪಂಪುಗಳಲ್ಲಿ, ವಿದ್ಯುತ್ ತೆಗೆದು ತಣ್ಣಗಾದ ಮೇಲೆ, ಮುಖದ ನಡುವಿನ ದಪ್ಪ ಸ್ಕ್ರೂ ಬಿಚ್ಚಿ ಒಳಗಿನ ದಂಡದ ತುದಿಯನ್ನು ತಿರುಗಿಸಿ ಬಿಡಿಸಬಹುದು. ಆಗ ಜಿನುಗುವ ನೀರು ಮಸಿಯಂತೆ ಕಪ್ಪಾಗಿದ್ದರೆ ಪಂಪು ತಿರುಗಿತೆಂದು ಹಿಗ್ಗುವುದು ಬೇಡ. ಇಡೀ ಸುತ್ತನ್ನು ತೊಳೆದು, ತುಕ್ಕುನಿರೋಧಕ ದ್ರಾವಣ ಬೆರೆಸಿ, ಮರಳುವ ಕೊಳವೆಗೆ ಅಯಸ್ಕಾಂತದ ಫಿಲ್ಟರ್ ಹಾಕಿಸಬೇಕು.

ತಿಂಗಳುಗಟ್ಟಲೆ ನಿಂತ ಪಂಪೂ ಕಚ್ಚಿಕೊಳ್ಳುತ್ತದೆ. ಇದನ್ನು ತಪ್ಪಿಸಲು ಈಗಿನ ಅನೇಕ ಬಾಯ್ಲರುಗಳು ಬೇಸಿಗೆಯಲ್ಲೂ ಆಗಾಗ ಪಂಪನ್ನು ಕೆಲ ಕ್ಷಣ ತಾವೇ ತಿರುಗಿಸುತ್ತವೆ, ಉಳಿತಾಯಕ್ಕೆಂದು ಗೋಡೆಯ ಸ್ವಿಚ್ಚನ್ನೇ ಆರಿಸಿರದಿದ್ದರೆ.