ಯಾಜಕಕಾಂಡ ತೋರಿಸುವ ಅಪ್ಪನಿಗೆ ಏನು ಹೇಳಲಿ?

ವಿರಾಜಪೇಟೆಯಿಂದ ಒಬ್ಬರು ಕೇಳಿದ್ದಾರೆ: "ನನ್ನ ತಮ್ಮ ಬೆಂಗಳೂರಿನಲ್ಲಿ ಒಬ್ಬ ಹುಡುಗನ ಜೊತೆ ಇದ್ದಾನೆ. ಕ್ರಿಸ್‌ಮಸ್‌ಗೆ ಇಬ್ಬರೂ ಮನೆಗೆ ಬರುತ್ತೇವೆ ಅಂದಿದ್ದೇ ತಡ, ಅಪ್ಪ ಬೈಬಲ್ ತೆರೆದು ಯಾಜಕಕಾಂಡ 18:22ರ ಮೇಲೆ ಬೆರಳಿಟ್ಟರು. ಅಲ್ಲಿ ಸ್ಪಷ್ಟವಾಗಿದೆ ಅಲ್ವಾ?"

ಸ್ಪಷ್ಟವಾಗೇ ಇದೆ. ಗಂಡಸಿನ ಜೊತೆ ಗಂಡಸು ಮಲಗಬಾರದು ಅಂತಲೇ ಇದೆ. ಆದರೆ ಏಳು ಅಧ್ಯಾಯ ಹಿಂದಕ್ಕೆ ಹೋದರೆ, 11:7-8ರಲ್ಲಿ, ಹಂದಿ ತಿನ್ನಬೇಡಿ ಅನ್ನುವುದೂ ಅಷ್ಟೇ ಸ್ಪಷ್ಟ. ಕಾಚಂಪುಳಿ ಬಿದ್ದು ಕಪ್ಪಗಾದ ಪಂದಿಕರಿ ಇಲ್ಲದೆ ನಿಮ್ಮನೇಲಿ ಕ್ರಿಸ್‌ಮಸ್ ಆಗುತ್ತಾ?

ಹಾಗಂತ ಬರೀ ಹಂದಿ ಹಿಡಿದುಕೊಂಡು ವಾದ ಗೆಲ್ಲೋಕೆ ಹೋಗಬೇಡಿ. ಊಟದ ಕಟ್ಟಳೆ ಬೇರೆ, ನಡತೆಯ ಕಟ್ಟಳೆ ಬೇರೆ, ಊಟದ್ದು ಯೇಸುವಿನ ಶಿಷ್ಯ ಪೇತ್ರನಿಗೆ ಕಂಡ ದರ್ಶನದಲ್ಲೇ ಮುಗಿಯಿತು ಅಂತ ಫಾದರ್ ಹೇಳುತ್ತಾರೆ. ಅದಕ್ಕೂ ಆಧಾರ ಇದೆ, ಪ್ರೇಷಿತರ ಕಾರ್ಯಕಲಾಪಗಳು 10ನೇ ಅಧ್ಯಾಯ ನೋಡಿ. ದೇವರು ಬೆಂಕಿ ಸುರಿಸಿ ಸುಟ್ಟ ಸೊದೋಮ್ ಊರಿನ ಕತೆಯನ್ನೂ ಎಲ್ಲರೂ ಎಳೆದು ತರುತ್ತಾರೆ. ಆ ಊರಿನ ಪಾಪ ಏನು ಅಂತ ಯೆಜೆಕಿಯೇಲ 16:49 ನೇರವಾಗಿ ಹೇಳುತ್ತದೆ: ಸೊಕ್ಕು, ಹೊಟ್ಟೆ ತುಂಬ ಅನ್ನ, ಬಡವರ ಕೈ ಹಿಡಿಯದಿರುವುದು. ಮುಂದಿನ ವಚನದಲ್ಲಿ ಅಸಹ್ಯ ಕೆಲಸ ಅಂತಲೂ ಬರುತ್ತದೆ, ಅದನ್ನು ಮುಚ್ಚಿಡುವುದು ಬೇಡ.

ನಿಜವಾದ ಜಟಾಪಟಿ ಇರುವುದು ಸಂತ ಪೌಲನ ಒಂದು ಪದದಲ್ಲಿ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 6:9ರಲ್ಲಿ, ದೇವರ ರಾಜ್ಯ ಸಿಗದವರ ಪಟ್ಟಿಯಲ್ಲಿ ಬರುವ 'ಅರ್ಸೆನೊಕೊಯ್ತಾಯ್'. ಗ್ರೀಕ್‌ನಲ್ಲಿ 'ಅರ್ಸೆನ್' ಅಂದರೆ ಗಂಡು, 'ಕೊಯ್ತೆ' ಅಂದರೆ ಹಾಸಿಗೆ. ಎರಡನ್ನೂ ಯಾಜಕಕಾಂಡದ ಗ್ರೀಕ್ ಅನುವಾದದಿಂದ ಎತ್ತಿ ಪೌಲನೇ ಹೊಸೆದಿರಬೇಕು ಅಂತ ಬಹಳ ಪಂಡಿತರ ಊಹೆ. ಲೂಥರನ ಜರ್ಮನ್ ಬೈಬಲ್‌ನಲ್ಲಿ ಇದು 'ಹುಡುಗರನ್ನು ಕೆಡಿಸುವವರು' ಅಂತಾಯಿತು. 1946ರಲ್ಲಿ ಅಮೆರಿಕದ ಒಂದು ಅನುವಾದ 'ಸಲಿಂಗಿಗಳು' ಅಂತ ಹಾಕಿತು, 1971ರ ಆವೃತ್ತಿಯಲ್ಲಿ ಅದನ್ನು ಅವರೇ ತೆಗೆದರು. ಪೌಲ ಗಂಡು-ಗಂಡಿನ ಸಂಬಂಧ ಒಪ್ಪುತ್ತಿದ್ದ ಅಂತ ನಾನು ಹೇಳಲಾರೆ, ಅದನ್ನು ಖಂಡಿಸುವ, ರೋಮನರಿಗೆ ಬರೆದ ಪತ್ರದ 1:26-27 ಓದಿದವರು ಯಾರೂ ಹೇಳಲಾರರು. ಆದರೆ ಅವನ ಕಾಲದಲ್ಲಿ ಯಜಮಾನರು ಗುಲಾಮ ಹುಡುಗರನ್ನು ಬಳಸಿಕೊಳ್ಳುತ್ತಿದ್ದರು. ಇಬ್ಬರು ಸರಿಸಮ ಗಂಡಸರು ಬಾಡಿಗೆ ಮನೆ ಹಿಡಿದು, ಗ್ಯಾಸ್ ಬುಕ್ ಮಾಡಿ ಸಂಸಾರ ಮಾಡುವುದು ಅವನ ಮನಸ್ಸಿನಲ್ಲಿತ್ತಾ? ಇರಲಿಲ್ಲ ಅಂತ ನನಗನ್ನಿಸುತ್ತದೆ.

ಕ್ಯಾಥೊಲಿಕ್ ಸಭೆ ಈ ಸಂಬಂಧವನ್ನು ಇಂದಿಗೂ ಒಪ್ಪಿಲ್ಲ. 2023ರ ಡಿಸೆಂಬರ್‌ನಲ್ಲಿ ಇಂಥ ಜೋಡಿಗಳನ್ನು ಫಾದರ್ ಆಶೀರ್ವದಿಸಬಹುದು ಅಂದಿತು, ಮದುವೆ ಮಾತ್ರ ಇಲ್ಲ. ಅಪ್ಪನ ಮುಂದೆ ಗ್ರೀಕ್ ಬೇಡ. ಸಭೆಯ ಬೋಧನೆಗಳ ಪುಸ್ತಕವಾದ ಕ್ಯಾಟಕಿಸಂ ತೆರೆದು 2358ನೇ ಪ್ಯಾರಾ ಓದಿ ಹೇಳಿ: ಇವರನ್ನು ಗೌರವದಿಂದ, ಕನಿಕರದಿಂದ ಬರಮಾಡಿಕೊಳ್ಳಬೇಕು, ಅನ್ಯಾಯದ ಭೇದಭಾವ ಕೂಡದು ಅಂತ ಅಲ್ಲಿದೆ. ನಿಮ್ಮ ತಮ್ಮ ಬಸ್ ಟಿಕೆಟ್ ಮಾಡಿಸುವ ಮೊದಲೇ ಓದಿದರೆ ಒಳ್ಳೆಯದು.