ಹನ್ನೆರಡು ವಾರಕ್ಕೆ ಹೊಂದುವ ಪ್ರಶ್ನೆ

ಬೇಸಿಗೆ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುವ ಪಿಎಚ್‌.ಡಿ. ವಿದ್ಯಾರ್ಥಿಗಳು ನನ್ನನ್ನು ಹೆಚ್ಚಾಗಿ ಕೇಳುವುದು ಯಾವ ಕಂಪನಿ ಒಳ್ಳೆಯದು ಎಂದು. ಅಮೆರಿಕದ ತಂತ್ರಜ್ಞಾನ ಸಂಸ್ಥೆಯೊಂದರ ಮಷೀನ್ ಲರ್ನಿಂಗ್ ತಂಡದಲ್ಲಿ ಹಲವು ಬೇಸಿಗೆ ಇಂಟರ್ನ್‌ಗಳ ಮೇಲ್ವಿಚಾರಣೆ ಮಾಡಿದ ಮೇಲೆ, ಕಂಪನಿಯ ಹೆಸರಿಗಿಂತ ಅಲ್ಲಿ ಕೈಗೆತ್ತಿಕೊಳ್ಳುವ ಪ್ರಶ್ನೆಯ ಅಳತೆಯೇ ಮುಖ್ಯವೆಂದು ನನಗೆ ಮನವರಿಕೆಯಾಗಿದೆ. ಮೇ ಕೊನೆಗೆ ಬಂದು ಆಗಸ್ಟ್‌ನಲ್ಲಿ ಹೊರಡುವವರಿಗೆ ಸಿಗುವುದು ಸುಮಾರು 12 ವಾರ.

ನಮ್ಮ ಇಂಟರ್ನ್‌ಗಳಿಗೆ ನಾನು ತಪ್ಪದೆ ಹೇಳುವ ಉದಾಹರಣೆ 2010ರದು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಹಿಂಟನ್ ಅವರ ವಿದ್ಯಾರ್ಥಿಯಾಗಿದ್ದ ಜಾರ್ಜ್ ಡಾಲ್ ಆ ವರ್ಷ ಇಂಟರ್ನ್ ಆಗಿ ರೆಡ್ಮಂಡ್‌ನ ಮೈಕ್ರೋಸಾಫ್ಟ್ ರಿಸರ್ಚ್‌ಗೆ ಹೋದರು. ಆಗಿನ ಮಾತು ಗುರುತಿಸುವ ವ್ಯವಸ್ಥೆಗಳಲ್ಲಿ ಧ್ವನಿಯ ಪ್ರತಿಯೊಂದು ತುಣುಕು ಯಾವ ಉಚ್ಚಾರಣೆಗೆ ಸೇರಿದ್ದೆಂದು ಅಂದಾಜಿಸುತ್ತಿದ್ದುದು ಗಾಸಿಯನ್ ಮಿಕ್ಸ್ಚರ್ ಎಂಬ ಸಂಖ್ಯಾಶಾಸ್ತ್ರದ ಮಾದರಿ. ಡಾಲ್ ಮತ್ತು ಅಲ್ಲಿನ ಸಂಶೋಧಕರು ಆ ಒಂದು ಭಾಗವನ್ನು ಮಾತ್ರ ತೆಗೆದು, ಅದರ ಜಾಗದಲ್ಲಿ ಉದಾಹರಣೆಗಳಿಂದ ಕಲಿಯುವ, ಹಲವು ಪದರಗಳ ನ್ಯೂರಲ್ ನೆಟ್‌ವರ್ಕ್ ಕೂರಿಸಿದರು. ಉಚ್ಚಾರಣೆಗಳು ಒಂದರ ನಂತರ ಒಂದು ಬರುವ ಕ್ರಮವನ್ನು ಲೆಕ್ಕಹಾಕುವ ಹಿಡನ್ ಮಾರ್ಕೊವ್ ಮಾದರಿಯನ್ನೂ ಪದಗಳನ್ನು ಹುಡುಕುವ ಡಿಕೋಡರನ್ನೂ ಇದ್ದಂತೆಯೇ ಉಳಿಸಿಕೊಂಡರು. ಮೈಕ್ರೋಸಾಫ್ಟ್‌ನ ಶೋಧತಾಣ ಬಿಂಗ್‌ನ ಧ್ವನಿಶೋಧದ 24 ಗಂಟೆಗಳ ದತ್ತಾಂಶದಿಂದ ಕಲಿತ ಈ ವ್ಯವಸ್ಥೆಯಲ್ಲಿ, ಹಳೆಯ ಪದ್ಧತಿಯ ಪಳಗಿದ ಮಾದರಿಗೆ ಹೋಲಿಸಿದಾಗ, ತಪ್ಪಾಗುವ ವಾಕ್ಯಗಳ ಪ್ರಮಾಣ ಶೇ. 16ರಷ್ಟು ಇಳಿಯಿತು. ಮರುವರ್ಷ ಅದೇ ಹಿಂಟನ್ ಅವರ ಇನ್ನೊಬ್ಬ ವಿದ್ಯಾರ್ಥಿ ನವದೀಪ್ ಜೈಟ್ಲಿ ಗೂಗಲ್‌ನಲ್ಲಿ ಇಂಟರ್ನ್ ಆಗಿ ಈ ವಿಧಾನವನ್ನು ಸಾವಿರಾರು ಗಂಟೆಗಳ ಧ್ವನಿಗೆ ಅನ್ವಯಿಸಿದರು.

ಅಷ್ಟು ಕಡಿಮೆ ಅವಧಿಯಲ್ಲಿ ಅಷ್ಟು ದೊಡ್ಡ ಫಲ ಸಿಕ್ಕಿದ್ದಕ್ಕೆ ವಿದ್ಯಾರ್ಥಿಗಳ ಪ್ರತಿಭೆ ಕಾರಣವಾಗಿತ್ತು, ನಿಜ. ಆದರೆ ಹೋಲಿಸಿ ನೋಡಲು ಚೆನ್ನಾಗಿ ಓಡುತ್ತಿದ್ದ ವ್ಯವಸ್ಥೆ ಮೊದಲೇ ಇತ್ತು ಎಂಬುದನ್ನೂ, ಬದಲಾದದ್ದು ಒಂದೇ ಭಾಗವಾದ್ದರಿಂದ ಫಲಿತಾಂಶ ಸುಧಾರಿಸಿದಾಗ ಕಾರಣ ಯಾವುದೆಂದು ತಡಕಾಡಬೇಕಾಗಿರಲಿಲ್ಲ ಎಂಬುದನ್ನೂ ನಾವು ಗಮನಿಸುವುದಿಲ್ಲ. ಇಂದು ಬರುವ ಅನೇಕರು ಮಾದರಿಯನ್ನೂ ದತ್ತಾಂಶವನ್ನೂ ಅಳೆಯುವ ಬಗೆಯನ್ನೂ ಒಟ್ಟಿಗೇ ಬದಲಿಸಲು ಹೊರಟು, ಜುಲೈ ಮುಗಿಯುವ ಹೊತ್ತಿಗೆ ಹೋಲಿಕೆಗೆ ಒಂದು ಬೇಸ್‌ಲೈನ್ ಕೂಡ ಇಲ್ಲದೆ ಕಂಗಾಲಾಗುತ್ತಾರೆ.

ಇದರಲ್ಲಿ ತಪ್ಪು ನಮ್ಮದೂ ಇರುತ್ತದೆ. ಒಮ್ಮೆ ನಾನು ಬಳಕೆಯ ಅನುಮತಿ ಇನ್ನೂ ಸಿಗದಿದ್ದ ದತ್ತಾಂಶವನ್ನು ನಂಬಿ ಯೋಜನೆ ರೂಪಿಸಿದ್ದೆ. ಆ ಅನುಮತಿ ಬಂದದ್ದು ಐದನೆಯ ವಾರದಲ್ಲಿ. ವಿದ್ಯಾರ್ಥಿನಿ ದೂರಲಿಲ್ಲ, ಆದರೆ ಅವರ ಬೇಸಿಗೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನನ್ನ ಅಜಾಗರೂಕತೆಯಿಂದ ಹಾಳಾಯಿತು. ಅಂದಿನಿಂದ, ಏಪ್ರಿಲ್ ಒಳಗೆ ದತ್ತಾಂಶ ಕೈಗೆ ಬಾರದಿದ್ದರೆ ಆ ಯೋಜನೆಯನ್ನೇ ಕೈಬಿಡುತ್ತೇನೆ.

ಕೊನೆಯ ವಾರಗಳ ಲೆಕ್ಕವನ್ನೂ ಮೊದಲೇ ಹಾಕಬೇಕು. ಬೇಸಿಗೆಯ ಕೆಲಸ ಸಾಮಾನ್ಯವಾಗಿ ಹೋಗುವುದು ಸೆಪ್ಟೆಂಬರ್ ಕೊನೆಯ ಆಸುಪಾಸಿನಲ್ಲಿ ಪ್ರಬಂಧಗಳನ್ನು ಸ್ವೀಕರಿಸುವ ಐಸಿಎಲ್‌ಆರ್ ಎಂಬ ಮಷೀನ್ ಲರ್ನಿಂಗ್ ಸಮ್ಮೇಳನಕ್ಕೆ. ಆ ಹೊತ್ತಿಗೆ ವಿದ್ಯಾರ್ಥಿ ವಿಶ್ವವಿದ್ಯಾಲಯಕ್ಕೆ ಮರಳಿರುತ್ತಾರೆ, ಕಂಪನಿಯ ಕಂಪ್ಯೂಟರ್‌ಗಳೂ ದತ್ತಾಂಶವೂ ಅವರ ಕೈಗೆ ಎಟುಕುವುದಿಲ್ಲ. ಆದ್ದರಿಂದ ಹತ್ತನೆಯ ವಾರದ ನಂತರ ಹೊಸ ಪ್ರಯೋಗ ಬೇಡ. ಕೋಷ್ಟಕಗಳಿಗೆ ಬೇಕಾದ ಅಂಕಿಗಳನ್ನೆಲ್ಲ ತುಂಬಿ, ಪ್ರಕಟಣೆಗೆ ಕಂಪನಿಯ ಒಪ್ಪಿಗೆ ಪಡೆಯುವ ಕೆಲಸವನ್ನು ಆಗಲೇ ಶುರು ಮಾಡಬೇಕು.

ಎಫ್-1 ವೀಸಾದಲ್ಲಿ ಅಮೆರಿಕದಲ್ಲಿ ಓದುತ್ತಿರುವ ನಮ್ಮ ವಿದ್ಯಾರ್ಥಿಗಳು ಇನ್ನೊಂದು ಲೆಕ್ಕವನ್ನೂ ಇಡಬೇಕು. ಇಂಟರ್ನ್‌ಶಿಪ್‌ಗೆ ಬಳಸುವ ಸಿಪಿಟಿ, ಅಂದರೆ ಓದಿನ ಭಾಗವಾಗಿ ಕೆಲಸ ಮಾಡುವ ಅನುಮತಿ, ಕೆಲಸ ಶುರುವಾಗುವ ಮೊದಲೇ ವಿಶ್ವವಿದ್ಯಾಲಯ ಕೊಡುವ ಐ-20 ಪ್ರಮಾಣಪತ್ರದಲ್ಲಿ ನಮೂದಾಗಿರಬೇಕು. ಪೂರ್ಣಾವಧಿಯ ಸಿಪಿಟಿ ಒಟ್ಟು 12 ತಿಂಗಳು ತುಂಬಿದರೆ, ಅದೇ ಪದವಿಯ ನಂತರ ದೊರೆಯುವ ಒಪಿಟಿ ಎಂಬ ಕೆಲಸದ ಅನುಮತಿ ಕೈತಪ್ಪುತ್ತದೆ. ಮೂರು ಮೂರು ತಿಂಗಳಂತೆ ನಾಲ್ಕು ಬೇಸಿಗೆ ಕಳೆದರೆ ಆ ಗಡಿ ಮುಟ್ಟಿದಂತೆಯೇ.

ಸಂದರ್ಶನದ ಕೊನೆಗೆ ಏನಾದರೂ ಕೇಳುವುದಿದೆಯೇ ಎಂದಾಗ ಹೆಚ್ಚಿನವರು ಸಂಕೋಚದಿಂದ ಸುಮ್ಮನಾಗುತ್ತಾರೆ. ದತ್ತಾಂಶ ಈಗಲೇ ನಿಮ್ಮ ಬಳಿ ಇದೆಯೇ, ಹೋಲಿಸಲು ಓಡುತ್ತಿರುವ ವ್ಯವಸ್ಥೆ ಇದೆಯೇ, ಹಿಂದಿನ ಇಂಟರ್ನ್‌ಗಳ ಕೆಲಸ ಪ್ರಕಟವಾಗಿದೆಯೇ ಎಂದು ಧಾರಾಳವಾಗಿ ಕೇಳಿ. ಬೇಸಿಗೆಯಲ್ಲಿ ಮಾರ್ಗದರ್ಶಕರು ಎಷ್ಟು ದಿನ ರಜೆಯ ಮೇಲಿರುತ್ತಾರೆ ಎಂಬುದನ್ನೂ ಕೇಳಿ. ಜುಲೈ ತಿಂಗಳಲ್ಲಿ ಎರಡು ವಾರ ಅವರು ಇರುವುದಿಲ್ಲವಾದರೆ, ಆ ದಿನಗಳಲ್ಲಿ ನಿಮ್ಮ ಸಂದೇಹಕ್ಕೆ ಉತ್ತರಿಸುವವರು ಯಾರೆಂದು ಆಗಲೇ ಗೊತ್ತಾಗಲಿ.