ಆಫರ್ ಒಪ್ಪಿದ್ದಾರೆ, ಮನೆ ಇನ್ನೂ ನಿಮ್ಮದಲ್ಲ: ಇಂಗ್ಲೆಂಡಿನ ‘ಎಕ್ಸ್‌ಚೇಂಜ್’ ಬೆಳೆದುಬಂದ ಬಗೆ

ಇಂಗ್ಲೆಂಡಿನಲ್ಲಿ ಮನೆ ಕೊಳ್ಳಲು ಹೊರಟ ಕನ್ನಡಿಗರು ಮೊದಲು ಎಡವುವುದು ‘ಆಫರ್ ಅಕ್ಸೆಪ್ಟ್ ಆಯ್ತು’ ಎಂಬ ಮಾತಿನಲ್ಲಿ. ನಮ್ಮಲ್ಲಿ ಬೆಲೆ ಕುದುರಿದರೆ ಮುಂಗಡ ಕೊಟ್ಟು ಕ್ರಯದ ಕರಾರು ಬರೆಸಿಕೊಳ್ಳುತ್ತಾರೆ. ಆಮೇಲೆ ಮಾರುವವರು ತಿರುಗಿಬಿದ್ದರೂ ಕೋರ್ಟಿಗೆ ಹಿಡಿದು ಹೋಗಲು ಒಂದು ಕಾಗದವಿರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆಫರ್ ಒಪ್ಪಿ ತಿಂಗಳುಗಳೇ ಕಳೆದು, ಸರ್ವೆ, ಸರ್ಚ್ (ಸ್ಥಳೀಯ ಸಂಸ್ಥೆ ಮುಂತಾದವರ ದಾಖಲೆಗಳ ತಪಾಸಣೆ), ಸಾಲದ ಅರ್ಜಿಗೆಲ್ಲ ದುಡ್ಡು ಸುರಿದಾದ ಮೇಲೂ ಯಾರು ಬೇಕಾದರೂ ಕಾರಣ ಹೇಳದೆ ಎದ್ದು ಹೋಗಬಹುದು. ಇಬ್ಬರನ್ನೂ ಕಟ್ಟಿಹಾಕುವುದು ‘ಎಕ್ಸ್‌ಚೇಂಜ್ ಆಫ್ ಕಾಂಟ್ರಾಕ್ಟ್ಸ್’ ಎಂಬ ಒಂದು ಗಳಿಗೆ. ಇವತ್ತು ಅದು ಇಬ್ಬರು ಸಾಲಿಸಿಟರ್‌ಗಳ (ಎರಡೂ ಕಡೆಯ ವಕೀಲರ) ನಡುವೆ ಕೆಲವೇ ನಿಮಿಷಗಳಲ್ಲಿ ಮುಗಿಯುವ ಫೋನ್ ಮಾತು. (ಸ್ಕಾಟ್ಲೆಂಡಿನ ದಾರಿ ಬೇರೆ, ಅಲ್ಲಿ ವಕೀಲರ ನಡುವೆ ಓಡಾಡುವ ‘ಮಿಸಿವ್ಸ್’ ಎಂಬ ಪತ್ರಗಳಿಂದಲೇ ಒಪ್ಪಂದ ಕುದುರುತ್ತದೆ.)

ಜಮೀನಿನ ಕರಾರಿಗೆ ಬರಹದ ಪುರಾವೆ ಬೇಕೆಂದು 1677ರ ಕಾಯ್ದೆ ಹೇಳಿತು. ಶುಲ್ಕ ಪಡೆದು ಆಸ್ತಿಪತ್ರ ತಯಾರಿಸುವ ಕೆಲಸ 1804ರಲ್ಲಿ ಕಾನೂನು ವೃತ್ತಿಯವರಿಗೇ ಮೀಸಲಾಯಿತು. ಆ ಏಕಸ್ವಾಮ್ಯವನ್ನು 1985ರ ಕಾಯ್ದೆ ಮುರಿಯಿತು. 1987ರಿಂದ ಆಸ್ತಿ ವರ್ಗಾವಣೆಗೆ ಪರವಾನಗಿ ಪಡೆದ ‘ಲೈಸೆನ್ಸ್ಡ್ ಕನ್ವೇಯನ್ಸರ್’ಗಳೂ ಬಂದರು. ಮನೆ ಮಟ್ಟಿಗೆ ಸಾಲಿಸಿಟರ್, ಕನ್ವೇಯನ್ಸರ್ ಇಬ್ಬರಲ್ಲಿ ಯಾರನ್ನು ಹಿಡಿದರೂ ಕೆಲಸ ಒಂದೇ.

1925ರ ಆಸ್ತಿ ಕಾಯ್ದೆಯ 40ನೇ ಸೆಕ್ಷನ್‌ಗೆ ಯಾರ ಮೇಲೆ ದಾವೆ ಹೂಡುತ್ತೀರೋ ಅವರು ಸಹಿ ಮಾಡಿದ ಒಂದು ಟಿಪ್ಪಣಿಯಿದ್ದರೂ ಬರಹದ ಪುರಾವೆಯಾಗಿ ಸಾಕಿತ್ತು. ಅದಕ್ಕೇ ಸಾಲಿಸಿಟರ್‌ಗಳು ಪ್ರತಿ ಪತ್ರದ ನೆತ್ತಿಯ ಮೇಲೂ ‘ಸಬ್ಜೆಕ್ಟ್ ಟು ಕಾಂಟ್ರಾಕ್ಟ್’ ಎಂದು ಬರೆಯುವುದನ್ನು ರೂಢಿಸಿಕೊಂಡರು: ನಾವು ಬರೆದದ್ದನ್ನೇ ಕರಾರು ಎಂದುಕೊಳ್ಳಬೇಡಿ ಎಂಬ ಬೇಲಿ ಅದು. ಕರಾರಿನ ಎರಡು ಒಂದೇ ತೆರನ ಪ್ರತಿ ಮಾಡಿ, ಮಾರುವವರು ಒಂದಕ್ಕೆ, ಕೊಳ್ಳುವವರು ಇನ್ನೊಂದಕ್ಕೆ ಸಹಿ ಹಾಕಿ, ಅದಲು ಬದಲು ಮಾಡಿಕೊಳ್ಳುವ ಪದ್ಧತಿ ಬಂತು. 1947ರ ಎಕಲ್ಸ್ ಪ್ರಕರಣದಲ್ಲಿ ಕೊಳ್ಳುವವರ ಪ್ರತಿ ಅಂಚೆಗೆ ಬಿದ್ದಿತ್ತು, ಮಾರುವವರದು ಬಿದ್ದಿರಲಿಲ್ಲ. ಅಷ್ಟರಲ್ಲಿ ಮನೆ ಇನ್ನೊಬ್ಬರ ಪಾಲಾಯಿತು. ವಿನಿಮಯ ಮುಗಿಯದೆ ಕರಾರಿಲ್ಲ ಎಂದಿತು ಮೇಲ್ಮನವಿ ನ್ಯಾಯಾಲಯ.

ಅಂಚೆಯ ಕಾಲಕ್ಕೆ ಇದು ಸರಿಯೇ. ಆದರೆ ಕೊಳ್ಳುವವರು ತಮ್ಮ ಹಳೇ ಮನೆ ಮಾರಿಯೇ ಹೊಸದು ಕೊಳ್ಳುವುದರಿಂದ ಐದಾರು ಮನೆಗಳು ಸರಪಳಿಯಾಗಿ ನಿಲ್ಲುತ್ತವೆ. ನಡುವಿನವರು ಮಾರಾಟಕ್ಕೆ ಕಟ್ಟಿಬಿದ್ದು ಖರೀದಿ ತಪ್ಪಿದರೆ ಬೀದಿಗೆ ಬಂದಂತೆ. ಖರೀದಿಗೆ ಕಟ್ಟಿಬಿದ್ದು ಮಾರಾಟ ತಪ್ಪಿದರೆ ಎರಡು ಮನೆಯ ಸಾಲ ತಲೆಗೆ. ಎಲ್ಲವೂ ಒಂದೇ ಮಧ್ಯಾಹ್ನ ಬಿಗಿಯಾಗಬೇಕು. ಹಾಗಾಗಿ ಫೋನ್ ಬಂತು. ಫೋನಿನಲ್ಲಿ ಒಪ್ಪಿ ಆಮೇಲೆ ಮಾರುವವರು ಕೈಯೆತ್ತಿದ ಡಾಂಬ್ ಮತ್ತು ಐಸೋಜ್ ಪ್ರಕರಣದಲ್ಲಿ, ಫೋನ್ ವಿನಿಮಯವೂ ವಿನಿಮಯವೇ ಎಂದು ತೀರ್ಪು ಬಂತು. ಬೆನ್ನಿಗೇ ಸಾಲಿಸಿಟರ್‌ಗಳ ಸಂಘವಾದ ಲಾ ಸೊಸೈಟಿ ಫೋನಿನ ಮಾತಿಗೂ ‘ಫಾರ್ಮುಲಾ’ಗಳನ್ನು ಬರೆದಿಟ್ಟಿತು.

ಎರಡೂ ಪ್ರತಿ ಒಬ್ಬರ ಬಳಿಯೇ ಇದ್ದರೆ ‘ಎ’. ಅವರವರ ಕಕ್ಷಿದಾರರ ಪ್ರತಿ ಅವರವರ ಬಳಿ ಇದ್ದರೆ ‘ಬಿ’. ಹೆಚ್ಚು ಬಳಕೆ ಇದರದೇ. ಸರಪಳಿಗೆಂದು ‘ಸಿ’: ಕೊಳ್ಳುವ ಕಡೆಯ ಕೆಳಗಿನವರು ‘ಇಂತಿಷ್ಟು ಗಂಟೆಯೊಳಗೆ ನೀವು ಕೇಳಿದರೆ ಎಕ್ಸ್‌ಚೇಂಜ್ ಮಾಡುತ್ತೇನೆ’ ಎಂದು ಮಾತು ಕೊಟ್ಟು ಕೂರುತ್ತಾರೆ, ಮಾರುವ ಕಡೆಯ ಮೇಲಿನವರು ತುದಿಯವರೆಗೂ ಕರೆ ಮಾಡಿ ಬರುತ್ತಾರೆ. ಆ ಗಂಟೆ ಮೀರಿದರೆ ಮತ್ತೆ ಮೊದಲಿನಿಂದ.

‘ಬಿ’ ಕರೆ ನಡೆಯುವುದು ಹೀಗೆ: ಇಬ್ಬರೂ ತಮ್ಮ ಮುಂದಿನ ಪ್ರತಿಯ ಹೆಸರು, ವಿಳಾಸ, ಬೆಲೆ, ಠೇವಣಿ, ವಿಶೇಷ ಷರತ್ತುಗಳನ್ನು ಓದಿ ತಾಳೆ ನೋಡುತ್ತಾರೆ. ಅಲ್ಲಿಯವರೆಗೆ ಖಾಲಿ ಬಿಟ್ಟಿದ್ದ ಎರಡು ಜಾಗ, ಅಂದರೆ ಕರಾರಿನ ದಿನಾಂಕ ಮತ್ತು ಕೀಲಿ ಕೈಗೆ ಬರುವ ‘ಕಂಪ್ಲೀಷನ್’ ದಿನಾಂಕ, ಆಗ ಪೆನ್ನಿನಲ್ಲಿ ತುಂಬುತ್ತವೆ. ಯಾರ ಜೊತೆ ಯಾರು, ಎಷ್ಟು ಗಂಟೆಗೆ ಮಾತಾಡಿದರು ಎಂದು ಫೈಲಿಗೆ ಟಿಪ್ಪಣಿ ಬೀಳುತ್ತದೆ. ಸಹಿಯಾದ ಪ್ರತಿಗಳನ್ನು ಅದೇ ದಿನ ಕಳಿಸುವುದು ಇಬ್ಬರ ವೃತ್ತಿಪರ ಮುಚ್ಚಳಿಕೆ. ತಪ್ಪಿದರೆ ವೃತ್ತಿಗೇ ಕುತ್ತು. ಕಕ್ಷಿದಾರರ ಒಪ್ಪಿಗೆ ಅದೇ ಬೆಳಿಗ್ಗೆ ಮತ್ತೊಮ್ಮೆ ಕೇಳುವುದು ಶಿಸ್ತು.

ತಾಳೆ ನೋಡುವುದು ಬರೀ ಶಾಸ್ತ್ರವಲ್ಲ. 1989ರ ಕಾಯ್ದೆಯ 2ನೇ ಸೆಕ್ಷನ್ 1925ರ ಸಡಿಲಿಕೆಯನ್ನು ಕಿತ್ತುಹಾಕಿತು: ಒಪ್ಪಿದ ಷರತ್ತುಗಳೆಲ್ಲ ಎರಡೂ ಪ್ರತಿಯಲ್ಲಿ ಇರಬೇಕು, ಇಬ್ಬರ ಸಹಿಯೂ ಬೇಕು. ಕರ್ಟನ್, ಫ್ರಿಜ್‌ಗೆ ಕೊಟ್ಟ 500 ಪೌಂಡನ್ನು ಒಂದು ಪ್ರತಿಯಲ್ಲಿ ಮಾತ್ರ ಕೈಬರಹದಲ್ಲಿ ಸೇರಿಸಿದರೆ, ಕರಾರೇ ಹುಟ್ಟಿಲ್ಲ ಎಂಬ ವಾದಕ್ಕೆ ಬಾಗಿಲು ತೆರೆದಂತೆ.

ಕರೆ ಮುಗಿದ ಕ್ಷಣದಿಂದ ಕೊಳ್ಳುವವರ ಠೇವಣಿ, ಸಾಮಾನ್ಯವಾಗಿ ಬೆಲೆಯ 10%, ಪಣಕ್ಕಿದೆ. ಮಾತಾಡಿ 5% ಕೊಟ್ಟಿದ್ದರೂ ಕಂಪ್ಲೀಷನ್‌ಗೆ ತಪ್ಪಿದರೆ ಉಳಿದ 5% ಕೇಳುವ ಷರತ್ತು ಕರಾರಿನಲ್ಲಿ ಇರುವುದುಂಟು. ಹೇಳಿದ ದಿನ ಹಣ ಬರದಿದ್ದರೆ ಬಡ್ಡಿ, ಆಮೇಲೆ 10 ಕೆಲಸದ ದಿನಗಳ ನೋಟಿಸ್, ಅದೂ ಮೀರಿದರೆ ಠೇವಣಿಗೆ ಎಳ್ಳುನೀರು. ಹಲವರಿಗೆ ಹೊಳೆಯದ ಇನ್ನೊಂದು ವಿಷಯ: ಮನೆ ಮಾರಾಟದ ಕರಾರಿಗೆ ಬಳಸುವ 2011ರ ಮಾದರಿ ಷರತ್ತುಗಳ ಪ್ರಕಾರ ಮನೆಯ ಅಪಾಯವೆಲ್ಲ ಎಕ್ಸ್‌ಚೇಂಜ್ ದಿನದಿಂದಲೇ ಕೊಳ್ಳುವವರದು. ಕೀಲಿ ಸಿಗುವ ಮುಂಚೆಯೇ ಮನೆಗೆ ಬೆಂಕಿ ಬಿದ್ದರೂ ಹಣ ಕಟ್ಟಲೇಬೇಕು. ವಿಮೆ ಶುರುವಾಗಬೇಕಾದ್ದು ಅವತ್ತು, ಕೀಲಿ ಸಿಕ್ಕ ದಿನವಲ್ಲ.

ಹೀಗೆ ಎಕ್ಸ್‌ಚೇಂಜ್ ಸಣ್ಣದಾಯಿತು, ಅದರ ಹಿಂದಿನ ಕಾಗದದ ರಾಶಿ ಬೆಳೆಯಿತು. ಮಾರುವವರು ಟಿಎ6 ಎಂಬ ಮಾಹಿತಿ ಫಾರಂ (ನೆರೆಯವರ ಜಗಳ, ಪ್ರವಾಹ, ಕಟ್ಟಡದ ಅನುಮತಿ), ಏನೇನು ಬಿಟ್ಟುಹೋಗುತ್ತಾರೆ ಎಂಬ ಟಿಎ10 ತುಂಬಬೇಕು. ಭೂ ನೋಂದಣಿಯ ಅಧಿಕೃತ ಪ್ರತಿ, ನಕ್ಷೆ ಕೊಡಬೇಕು. ಕೊಳ್ಳುವವರ ಕಡೆಯವರು ಸ್ಥಳೀಯ ಸಂಸ್ಥೆಯ, ನೀರು ಮತ್ತು ಚರಂಡಿಯ ಸರ್ಚ್ ತರಿಸಿ, ಸಂಶಯಗಳನ್ನು ಪ್ರಶ್ನೆಯಾಗಿ ಕಳಿಸುತ್ತಾರೆ. ಬ್ಯಾಂಕಿನ ಪರವಾಗಿಯೂ ಸಾಮಾನ್ಯವಾಗಿ ಅದೇ ಸಾಲಿಸಿಟರ್. ಆದ್ದರಿಂದ ನಿಮಗೆ ಪರವಾಗಿಲ್ಲ ಎನಿಸಿದ ಕೊರತೆಯನ್ನೂ ಅವರು ಬಿಡುವಂತಿಲ್ಲ.

ಊರಿನಿಂದ ದುಡ್ಡು ತರಿಸುವವರಿಗೆ ಇನ್ನೊಂದು ಕಟ್ಟು. ದಾವಣಗೆರೆಯ ಅಪ್ಪ ಸೈಟು ಮಾರಿ ಕೊಟ್ಟ ಹಣವಾದರೆ ಅಪ್ಪನ ಗುರುತಿನ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಕ್ರಯಪತ್ರ (ಕನ್ನಡದಲ್ಲಿದ್ದರೆ ಅನುವಾದದೊಂದಿಗೆ), ಮನೆಯಲ್ಲಿ ನನಗೆ ಪಾಲಿಲ್ಲ, ಹಣ ವಾಪಸು ಬೇಡ ಎಂಬ ಪತ್ರ, ಹಣದ ಮೂಲ ತೋರಿಸಲು ಇಷ್ಟೂ ಬೇಕಾಗಬಹುದು. ಭಾರತದಿಂದ ಒಬ್ಬರು ವರ್ಷಕ್ಕೆ ಕಳಿಸಬಹುದಾದ ಮಿತಿ 2,50,000 ಡಾಲರ್. ಇದನ್ನೆಲ್ಲ ಆಫರ್ ಹಾಕುವ ಮುಂಚೆ ಜೋಡಿಸಿಟ್ಟರೆ ವಾರಗಟ್ಟಲೆ ಉಳಿಯುತ್ತದೆ. ಬೆಂಗಳೂರಿನಲ್ಲಿ ಕೂತು ಅಲ್ಲಿನ ಮನೆ ಮಾರುವವರು ನೆನಪಿಡಬೇಕಾದ್ದು ಬೇರೆ: ಕರಾರಿಗೆ ಬರೀ ಸಹಿ ಸಾಕು, ವರ್ಗಾವಣೆ ಪತ್ರವಾದ ಟಿಆರ್1ಕ್ಕೆ ಸಾಕ್ಷಿ ಎದುರಿಗೇ ಇರಬೇಕು. ವಿಡಿಯೊ ಕರೆಯ ಸಾಕ್ಷಿ ನಡೆಯದು.

ಆಫರ್ ಮತ್ತು ಎಕ್ಸ್‌ಚೇಂಜ್ ನಡುವಿನ ಬಯಲನ್ನು ಕಿರಿದಾಗಿಸಲು 2007ರಲ್ಲಿ ಮಾರುವವರೇ ಮೊದಲಿಗೆ ‘ಹೋಮ್ ಇನ್ಫರ್ಮೇಷನ್ ಪ್ಯಾಕ್’ ಮಾಡಿಸಬೇಕೆಂಬ ನಿಯಮ ಬಂತು. ಅದರ ತಿರುಳಾಗಬೇಕಿದ್ದ ಮನೆಯ ಸ್ಥಿತಿಯ ವರದಿಯನ್ನು ಜಾರಿಗೆ ಮುಂಚೆಯೇ ಐಚ್ಛಿಕ ಮಾಡಿದ್ದರು. ಉಳಿದದ್ದು ಖರ್ಚಿನ ಫೈಲು. 2010ರ ಮೇನಲ್ಲಿ ಅದನ್ನೂ ಅಮಾನತು ಮಾಡಿದರು, ಇಂಧನ ದಕ್ಷತೆಯ ಪ್ರಮಾಣಪತ್ರವೊಂದು ಉಳಿಯಿತು. 2025ರ ಅಕ್ಟೋಬರಿನಲ್ಲಿ ಸರ್ಕಾರ ಮತ್ತೆ ಸಾರ್ವಜನಿಕ ಅಭಿಪ್ರಾಯ ಕೇಳಿತು: ಮಾಹಿತಿ ಮೊದಲೇ ಕೊಡಬೇಕು, ಬೇಕೆಂದವರು ಬೇಗನೆ ಬಾಧ್ಯತೆಗೆ ಒಳಪಡುವ ಕರಾರು ಮಾಡಿಕೊಳ್ಳಬಹುದು. ಮೊದಲನೆಯದು ಹಳೇ ಪ್ಯಾಕ್‌ನ ಹೊಸ ಅಂಗಿ. ಎರಡನೆಯದರಲ್ಲಿ ನಿಜವಾದ ಕೆಲಸವಿದೆ, ತೊಡಕೂ ಅಲ್ಲೇ ಇದೆ: ಸರಪಳಿಯ ಬುಡದಲ್ಲಿರುವವರಿಗೆ ಬ್ಯಾಂಕ್ ಸಾಲ ಕೊಡದೆ ಹೋದರೆ, ಮೇಲೆ ಬೇಗ ಕಟ್ಟಿಬಿದ್ದವರ ನಷ್ಟವನ್ನು ತುಂಬುವವರು ಯಾರು?